ಒಂದು ತೋಳು ಉದ್ದವಾದ ಅಂಗಿ

ಮಗಳು ಬನ್ನಿ ಕೊಡಲು ಹೋಗಿಯೇ ಹೋಗುತ್ತೇನೆಂದು ಹಟ ಹಿಡಿದ ಆ ದಸರೆಯ ಮುಂಜಾನೆ, ಏನೇನು ಕೆಡಬಹುದೆಂದು ನಾನು ಹತ್ತಿ ಹಿಂಜುತ್ತಲೇ ಎಣಿಸಿಕೊಂಡಿದ್ದೆ. ಅವಳು ಮರೆತು ಎಡಗೈಯಲ್ಲಿ ಬನ್ನಿ ಕೊಟ್ಟುಬಿಡಬಹುದು. ಹಬ್ಬದ ದಿನ ಎಡಗೈ ಚಾಚಿ ಅಪಮಾನ ಮಾಡಿದಳೆಂದು ಓಣಿಯೆಲ್ಲ ಕೂಗಾಡಬಹುದು. ಬಲಗೈಯಲ್ಲಿ ಕೊಟ್ಟರೆ, ಆ ಕೈ ನೋಡಿ ಯಾರಾದರೂ ಹಿಂದೆ ಸರಿಯಬಹುದು. ಸರಿಯದಿದ್ದರೂ ‘ಅಲ್ಲಿ ಕಟ್ಟಿ ಮ್ಯಾಲ ಇಡವ್ವಾ’ ಅನ್ನಬಹುದು. ‘ಅಯ್ಯ ಪಾಪ’ ಅನ್ನಬಹುದು, ಅದು ಎಲ್ಲಕ್ಕಿಂತ ಕೆಟ್ಟದ್ದು. ಹುಡುಗರು ಹಿಂದೆ ಬಿದ್ದು ಅಡ್ಡಹೆಸರಿಟ್ಟು ಕರೆಯಬಹುದು. ಬನ್ನಿಯ ಮುಳ್ಳು ಆ ಎಳೆಯ ಚರ್ಮಕ್ಕೆ ಚುಚ್ಚಬಹುದು. ಯಾರದೋ ಬಾಗಿಲಲ್ಲಿ ದೀಪ ಉರಿಯುತ್ತಿದ್ದರೆ ಅವಳು ಅಲ್ಲೇ ನಿಂತು ನಡುಗಬಹುದು. ಅಳುತ್ತ ಮನೆಗೆ ಬರಬಹುದು. ಅಳದೆಯೇ ಬಂದು ಮತ್ತೆ ಹತ್ತಿಯ ಚೀಲಗಳ ಹಿಂದೆ ಕೂತುಬಿಡಬಹುದು, ಈ ಸಲ ಹೊರಗೆ ಬಾರದೆಯೂ ಇರಬಹುದು. ಮಳೆ ಬರಬಹುದು. ನಾಯಿ ಕಚ್ಚಬಹುದು. ಅವಳಿಗಲ್ಲ, ನನಗೆ, ಯಾಕೆಂದರೆ ನಾನು ಕಳ್ಳನ ಹಾಗೆ ಅವಳ ಹಿಂದೆ ಹೋಗುವವನಿದ್ದೆ.

“ಭೂಮಿ ನಡಗೂದೊಂದು ಬಿಟ್ರಿ ನೋಡ್ರಿ,” ಅಂದಳು ಹೆಂಡತಿ. ನನ್ನ ಕಾಳಜಿಗಳು ನನಗೆ ಗೊತ್ತಿಲ್ಲದಂತೆಯೇ ಬಾಯಿಂದ ಬೀಳುತ್ತವೆ. ಮದುವೆಯಾದಾಗಿನಿಂದ ಅವಳು ಅವನ್ನು ಕೇಳುತ್ತಲೇ ರೊಟ್ಟಿ ಬಡಿಯುತ್ತಾಳೆ.

ನಾವು ಪಿಂಜಾರರು. ಮುಸಲ್ಮಾನರು. ಮೂಡಲಗಿಯಲ್ಲಿ ಹತ್ತಿ ಹಿಂಜಿ ಗಾದಿ, ದಿಂಬು ಹೊಲಿದುಕೊಡುವುದು ನಮ್ಮ ಕಸುಬು. ಊರವರು ಮಲಗುವುದು ನಮ್ಮ ಹತ್ತಿಯ ಮೇಲೆ. ನಮ್ಮ ಮೊಹರಮ್ಮಿಗೆ ಊರೆಲ್ಲ ಬರುತ್ತದೆ, ಊರಿನ ಬನ್ನಿಗೆ ನಾವೂ ಹೋಗುತ್ತೇವೆ. ದಸರೆಯ ಸಂಜೆ ಬನ್ನಿಯ ಎಲೆಯೇ ಬಂಗಾರ. ಅದನ್ನು ಬಲಗೈಯಿಂದ ಬಲಗೈಗೆ ಕೊಟ್ಟು ‘ಬನ್ನಿ ತಗೊಂಡು ಬಂಗಾರದಂಗ ಇರೂಣು’ ಅನ್ನಬೇಕು. ಕಿರಿಯರು ತಾವಾಗಿ ಹೋಗಿ ಹಿರಿಯರಿಗೆ ಕೊಡಬೇಕು, ಕಾಲು ಮುಟ್ಟಬೇಕು. ವರ್ಷವಿಡೀ ಮಾತು ಬಿಟ್ಟವರೂ ಆ ಹೊತ್ತು ಮಾತಾಡಲೇಬೇಕು. ಚಂದದ ಪದ್ಧತಿ, ಕೈ ನೆಟ್ಟಗಿದ್ದವರಿಗೆ.

ಮಗಳ ಕೈ ಸುಟ್ಟದ್ದು ಅದರ ಹಿಂದಿನ ವರ್ಷ. ದೀಪ ಹಚ್ಚುವ ಹೊತ್ತು. ಗೂಡಿನಲ್ಲಿಟ್ಟ ಚಿಮಣಿಯನ್ನು ಬೆಕ್ಕು ಕೆಡವಿತು. ಕೆಳಗೆ ಹಿಂಜಿದ ಹತ್ತಿ. ಹಿಂಜಿದ ಹತ್ತಿ ಉರಿಯುವುದಿಲ್ಲ, ಒಮ್ಮೆಲೇ ಬೆಂಕಿಯಾಗಿಬಿಡುತ್ತದೆ. ಅದರ ಬಾಜೂ ಕೂತಿದ್ದ ಕೂಸನ್ನು ನಾನೂ ಹೆಂಡತಿಯೂ ಎಳೆದು ಹೊರಗೆ ಹಾಕುವುದರೊಳಗೆ ಬಲಗೈ, ಕುತ್ತಿಗೆಯ ಒಂದು ಮಗ್ಗಲು, ಕಿವಿಯ ತುದಿ ಹೋಗಿದ್ದವು. ನಮ್ಮ ಓಣಿಯ ಕಿರಾಣಿ ಅಂಗಡಿಯ ಸಾವ್ಕಾರ ಕೇಳುವ ಮೊದಲೇ ತನ್ನ ಚಕ್ಕಡಿ ಹೂಡಿಸಿ ಕೊಟ್ಟ. ಗೋಕಾಕದ ದವಾಖಾನೆಯಲ್ಲಿ ಸುಣ್ಣದ ತಿಳಿನೀರಿಗೆ ಎಣ್ಣೆ ಕೂಡಿಸಿ ಹಚ್ಚಿದರು, ಪಟ್ಟಿ ಕಟ್ಟಿದರು, ಕೂಸು ಬದುಕಿತು. ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಮಾತ್ರ ಅಂಗೈಯೊಳಗೆ ಬಾಗಿ ಅಲ್ಲೇ ಅಂಟಿಕೊಂಡವು.

ಗಾಯ ಮಾಯ್ದ ಮೇಲೆ ಜನ ಬಂದರು. ಬೆಂಕಿಯ ಬಗ್ಗೆ ನನಗೇನೂ ದೂರಿಲ್ಲ, ಅದಕ್ಕೆ ಬುದ್ಧಿಯಿಲ್ಲ. ಇವರಿಗೆ ಇತ್ತು.

ಮೊದಲು ಬಂದವನು ಅದೇ ಸಾವ್ಕಾರ. ಕೆಟ್ಟ ಮನುಷ್ಯ ಅಲ್ಲವೆಂದು ಊರೆಲ್ಲ ಹೇಳುತ್ತದೆ, ನನ್ನ ಹೊಟ್ಟೆ ಉರಿಸುವುದು ಅದೇ. ನಮ್ಮ ಕಟ್ಟೆಯ ಮೇಲೆ ಕೂತ, ಎಲೆ ಅಡಕೆ ಹಾಕಿಕೊಂಡ, ಬಹಳ ಮರುಗಿ ಹೇಳಿದ: “ಹೆಣ್ಣಕೂಸು. ಅದೂ ಬಲಗೈ. ನಾಳೆ ಯಾರ ಮಾಡ್ಕೋತಾರಪಾ? ದೇವರು ಅವತ್ತ ಕರಕೊಂಡಿದ್ರ ಅಕಿಗೂ ಸುಖ, ನಿಮಗೂ ಸುಖ ಇತ್ತು.”

ನಾನು ಅವನತ್ತ ಅಡಕೆಯ ತಟ್ಟೆ ಸರಿಸಿದೆ. ಅವನ ಚಕ್ಕಡಿಯಲ್ಲಿ ಹೋಗಿ ಬಂದವರಲ್ಲವೇ ನಾವು. ಅವನು ಎದ್ದು ಹೋದ ಮೇಲೆ ಒಳಗಿಂದ ಮಗಳು ಕೇಳಿದಳು: “ಯಪ್ಪಾ, ಕರಕೊಂಡಿದ್ರ ಅಂದ್ರ ಎಲ್ಲಿಗಿ?”

ಕಾಳಜಿಗಾರನಿಗೆ ಸಾವಿರ ಪ್ರಶ್ನೆ ಹೊಳೆಯುತ್ತವೆ, ಒಂದು ಉತ್ತರ ಹೊಳೆಯುವುದಿಲ್ಲ. “ಹುಕ್ಕೇರಿಗೆವ್ವಾ,” ಅಂದೆ. “ನಿಮ್ಮ ಆಯಿ ಮನಿಗೆ.” ಹುಕ್ಕೇರಿ ನನ್ನ ಹೆಂಡತಿಯ ತವರು.

ಅವಳು ಅದನ್ನು ಗಟ್ಟಿ ಹಿಡಿದುಕೊಂಡಳು. ಹುಕ್ಕೇರಿಯಲ್ಲಿ ಸುಖ ಐತಿ ಅಂತ ಸಾವ್ಕಾರರೇ ಹೇಳಿದ್ದಾರಲ್ಲ! ಮುಂದೆ ಅಲ್ಲಿ ಹೆಂಡತಿಯ ಅಣ್ಣನ ಮಗಳ ಮದುವೆ ಕೂಡಿಬಂದಾಗ ದಾರಿಯುದ್ದಕ್ಕೂ ಚಕ್ಕಡಿಯಲ್ಲಿ ಹಾಡುತ್ತಲೇ ಬಂದಳು. ಗೋರಂಟಿ ಅರೆದ ಬಟ್ಟಲು ಮದುಮಗಳ ಮುಂದೆ ಇತ್ತು, ಹುಡುಗಿಯರೆಲ್ಲ ಸುತ್ತ ಕೂತಿದ್ದರು. ಇವಳೂ ಕೈ ಚಾಚಿದಳು.

“ಏ, ಸುಟ್ಟ ಕೈ ಬಟ್ಟಲಕ್ಕ ಹಚ್ಚಬ್ಯಾಡ,” ಅಂದಳು ನಮ್ಮ ನಂಟರ ಹೆಂಗಸೊಬ್ಬಳು. “ಲಗ್ನದ ಮನಿ ಇದು. ಯಾರರ ಈ ಕೂಸನ ಆಚೆ ಕರ್ಕೊಂಡು ಹೋಗ್ರಿ.”

ನಮ್ಮವರೇ. ನಮ್ಮ ಹಾಗೆ ಐದು ಹೊತ್ತಿನ ನಮಾಜಿಗೆ ನಿಲ್ಲುವವರೇ. ಊರಿಗೆ ನಾಲ್ಕೇ ಮನೆಯಾಗಿ ಬದುಕುವವರು ನಾವು, ಅಷ್ಟರಲ್ಲೇ ಒಂದು ಕೂಸನ್ನು ಆಚೆ ಇಡುವ ಹುಮ್ಮಸ್ಸು ಎಲ್ಲಿಂದ ಬರುತ್ತದೋ ನಾನರಿಯೆ. ಹೆಂಡತಿ ಎದ್ದು ಗೋರಂಟಿಯ ಬಟ್ಟಲನ್ನೇ ಎತ್ತಿ ಹಿತ್ತಲಿಗೆ ಚೆಲ್ಲಿ ಬಂದಳು. ಆ ಮದುವೆಯ ಊಟ ನಾವು ಉಣ್ಣಲಿಲ್ಲ. ವಾಪಸು ಬರುವಾಗ ಮಗಳು ಚಕ್ಕಡಿಯ ಹಿಂದೆ ನೋಡುತ್ತ ಕೂತಿದ್ದಳು. ಘಟಪ್ರಭಾ ದಾಟಿದ ಮೇಲೆ ಅಂದಳು: “ಹುಕ್ಕೇರ್ಯಾಗೂ ಸುಖ ಇಲ್ಲ ಬಿಡಪಾ.”

ಅಂದಿನಿಂದ ಅವಳು ಹತ್ತಿಯ ಚೀಲಗಳ ಹಿಂದೆ ಸೇರಿಕೊಂಡಳು. ಗಿರಾಕಿ ಬಂದರೆ ಉಸಿರು ಸಹ ಕೇಳಿಸುತ್ತಿರಲಿಲ್ಲ. ಆದರೂ ಕುಲಗೋಡದಿಂದ ಬಂದ ಒಬ್ಬಾಕೆಗೆ ಗೊತ್ತಾಯಿತು. ತನ್ನ ಮಗಳ ಸೋಬಾನದ ಗಾದಿಗೆಂದು ತಂದ ಹತ್ತಿಯನ್ನು “ಆ ಕೂಸು ಮುಟ್ಟಿರಬೇಕು, ಬ್ಯಾಡ ತಗಿರಿ” ಎಂದು ಕಟ್ಟಿಕೊಂಡು ಹೊರಟಳು. ನಾನು ಅವಳಿಗೆ ಹೇಳಬೇಕಾದ ಮಾತನ್ನು ಆ ಇಡೀ ವಾರ ಹತ್ತಿಗೆ ಹೇಳಿದೆ. ಆ ವಾರದಷ್ಟು ನುಣ್ಣಗೆ ನಾನೆಂದೂ ಹಿಂಜಿಲ್ಲ.

ಹೆಂಡತಿಯ ದಾರಿ ಬೇರೆ. ಅವಳು ಚೀಲಗಳ ಕಡೆ ತಿರುಗಿ ದಿನಾ ಕೂಗುತ್ತಿದ್ದಳು: “ಏ ಹತ್ತ್ಯಾಗಿನ ಇಲೀ, ಒಂದ ತಂಬಗಿ ನೀರ ತಾ. ಎಡಗೈಲಲ್ಲ, ಬಲಗೈಲೆ. ಚೆಲ್ಲಿದ್ರ ಚೆಲ್ಲಲಿ, ನೆಲ ತಣ್ಣಗಾಕ್ಕೈತಿ.” ಎಷ್ಟೋ ನೀರು ಚೆಲ್ಲಿತು. ನಾನು ಜಾರಿ ಬೀಳಬಹುದೆಂದು ಹೆದರಿ ಗೋಡೆ ಹಿಡಿದು ಓಡಾಡಿದೆ.

ಚೀಲಗಳ ಹಿಂದಿನಿಂದ ಅವಳನ್ನು ಎಳೆದು ತಂದದ್ದು ಮಾತ್ರ ನಾವಲ್ಲ. ಸಾವ್ಕಾರನ ಮೊಮ್ಮಗಳು. ಇವಳದೇ ವಯಸ್ಸು, ಬಾಯಿ ಅವಳ ವಯಸ್ಸಿಗಿಂತ ದೊಡ್ಡದು. ಹರಳು ಆಡಲು ಜೊತೆ ಬೇಕಾಗಿತ್ತು ಅಂತ ಕಾಣುತ್ತದೆ, ಒಂದು ಮಧ್ಯಾಹ್ನ ಕೇಳದೆ ಕರೆಯದೆ ಒಳಗೆ ಬಂದು ಚೀಲಗಳ ಹಿಂದೆ ಹೋಗಿ ಕೂತಳು. ಮೇಲೆ ಎಸೆದ ಕಲ್ಲನ್ನು ಅಂಗೈಯಲ್ಲಿ ಹಿಡಿಯುವ ಆಟ. ಸ್ವಲ್ಪ ಹೊತ್ತಿಗೆ ಜಗಳ ಕೇಳಿಸಿತು.

“ಇದು ಮೋಸ! ನಿನ್ನ ಕೈ ಬಟ್ಟಲಾಗೇತಿ. ಕಲ್ಲು ತಾವಾಗೇ ಬಂದು ಕೂಡ್ತಾವ!”

“ನಿನ್ನ ಕೈ ಸೋರಿದ್ರ ನಾ ಏನ ಮಾಡ್ಲಿ?”

“ಎಡಗೈಲೆ ಆಡು.”

“ಆಡೂದಿಲ್ಲ. ನನ್ನ ಕೈ, ನನ್ನ ಆಟ.”

“ನಿನ್ನ ಕೈ ನನಗ ಕೊಡ, ಒಂದ ಸಲ ಆಡ್ತೀನಿ!”

ನಾನು ಒಳಗೆ ಹೋಗಿ ಜಗಳ ಬಿಡಿಸಬೇಕೆಂದು ಎದ್ದೆ. ಹೆಂಡತಿ ನನ್ನ ಧೋತರದ ಚುಂಗು ಹಿಡಿದು ಕೂಡಿಸಿದಳು. ಅವಳ ಕಣ್ಣು ತುಂಬಿದ್ದವು. “ಕೂಡ್ರಿ ಸುಮ್ನ,” ಅಂದಳು. “ಆ ಕೈ ನೋಡಿ ಹೊಟ್ಟಿಕಿಚ್ಚು ಪಟ್ಟಾಕಿ ಇವತ್ತ ಒಬ್ಬಾಕಿ ಸಿಕ್ಕಾಳ.”

ಆ ಮೊಮ್ಮಗಳೇ ದಸರೆಗೆ ಇವಳನ್ನು ಹೊರಡಿಸಿದ್ದು. ಹಿಂದಿನ ದಸರೆಯಲ್ಲಿ ಇವಳು ಪಟ್ಟಿ ಕಟ್ಟಿಕೊಂಡು ಮಲಗಿದ್ದಳು. ಈ ಸಲ ಹೋಗಿ ಒಬ್ಬರು ಕೈ ಹಿಂದೆಗೆದುಕೊಂಡರೆ ಮುಗಿಯಿತು, ಮತ್ತೆ ಅವಳನ್ನು ಹೊರಗೆ ತರುವುದು ಯಾರಿಂದಲೂ ಆಗಲಾರದು ಎಂದು ನನಗೆ ಖಾತ್ರಿಯಿತ್ತು. ಹಾಗಾಗಿ ನಾನೊಂದು ಉಪಾಯ ಮಾಡಿದೆ. ಹಬ್ಬದ ಅಂಗಿ ನಾನೇ ಹೊಲಿದೆ. ಎಡತೋಳು ಎಲ್ಲರ ಅಂಗಿಯ ಹಾಗೆ. ಬಲತೋಳು ಒಂದು ಗೇಣು ಉದ್ದ. ಕೈ ಒಳಗೇ ಇರುತ್ತದೆ, ಎಲೆ ಮಾತ್ರ ಹೊರಗೆ ಇಣುಕುತ್ತದೆ. ಬಲಗೈಯಲ್ಲಿ ಕೊಟ್ಟಂತೆಯೂ ಆಯಿತು, ತೋರಿಸದಂತೆಯೂ ಆಯಿತು. ಗಾದಿಗೆ ಹಾಕುವ ದಪ್ಪ ದಾರದಲ್ಲಿ ಹೊಲಿದೆ. ನನ್ನ ಹೊಲಿಗೆಯ ಬಗ್ಗೆ ನನಗೆ ಕಾಳಜಿಯಿಲ್ಲ; ಈ ಲೋಕದಲ್ಲಿ ನನಗೆ ಕಾಳಜಿಯಿಲ್ಲದ ಸಂಗತಿ ಅದೊಂದೇ. ಅರಿವೆ ಹರಿದೀತು, ಹತ್ತಿ ಗಂಟಾದೀತು, ನನ್ನ ಹೊಲಿಗೆ ಬಿಚ್ಚುವುದಿಲ್ಲ ಎಂದು ಗೋಕಾಕದವರೆಗೂ ಹೇಳಿಕೊಂಡು ಬಂದವನು ನಾನು.

ಸಂಜೆ ಮಗಳು ಸಾವ್ಕಾರನ ಮೊಮ್ಮಗಳ ಜೊತೆ ಹೊರಟಳು. ನಾನು ಹಿಂದಿನಿಂದ ಹೋಗಿ ಸಾವ್ಕಾರನ ಮನೆಯ ಎದುರಿನ ಬೇವಿನ ಗಿಡದ ಮರೆಗೆ ನಿಂತೆ. ಎಲ್ಲ ಮನೆ ಬಿಟ್ಟು ಅವಳು ಮೊದಲು ಹತ್ತಿದ್ದು ಅವನ ಕಟ್ಟೆಯನ್ನೇ. ಜಮಖಾನೆ ಹಾಸಿ ನಾಲ್ಕು ಜನ ಹಿರಿಯರ ಜೊತೆ ಕೂತಿದ್ದ. ಮಗಳು ತೋಳು ಚಾಚಿದಳು. ಅವನು ಅದರೊಳಗೆ ಇಣುಕಿದ.

“ಕೈ ಎಲ್ಲೈತವ್ವಾ?”

“ಒಳಗೈತ್ರಿ. ನಮ್ಮಪ್ಪ ಮುಚ್ಚ್ಯಾನ್ರಿ.”

ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. “ನಿಮ್ಮಪ್ಪ ಅಂಗಿ ಹೊಲದಾನೋ, ತಲಿದಿಂಬಿನ ಗವಸಣಿಗಿ ಹೊಲದಾನೋ?”

ಮಗಳು ಒಂದು ಗಳಿಗೆ ತೋಳನ್ನೇ ನೋಡಿದಳು. ಆಮೇಲೆ ಅದನ್ನು ಮೊಣಕೈಯವರೆಗೆ ಮಡಿಚಿ ಏರಿಸಿದಳು. ಬಾಗಿದ ಬೆರಳುಗಳ ನಡುವೆ, ಕೆಂಪು ಚರ್ಮದ ಮೇಲೆ, ಎಲೆ ಕೂತಿತ್ತು. ನಾನು ಗಿಡದ ತೊಗಟೆ ಹಿಡಿದುಕೊಂಡೆ.

ಸಾವ್ಕಾರ ಬಲಗೈ ಚಾಚಿ ಎಲೆ ತಗೊಂಡ. ತನ್ನ ಎಲೆಯನ್ನು ಅದೇ ಅಂಗೈಯಲ್ಲಿಟ್ಟ. “ಬಂಗಾರದಂಗ ಇರವ್ವಾ. ನೂರು ವರ್ಷ ಇರು,” ಅಂದ. ಉಳಿದವರೂ ಕೈ ಚಾಚಿದರು.

ನನಗೆ ಸಂತೋಷವಾಗಬೇಕಿತ್ತು. ಮೈಯೆಲ್ಲ ಉರಿಯಿತು. ನೂರು ವರ್ಷವಂತೆ! ಇಷ್ಟು ಸುಲಭವೇ ಇದು? ಕೈ ಚಾಚುವುದು, ಎಲೆ ತಗೊಳ್ಳುವುದು? ಹಾಗಾದರೆ ವರ್ಷವಿಡೀ ಏನಾಗಿತ್ತು ಇವರಿಗೆ?

“ಏ ಪಿಂಜಾರ,” ಎಂದು ಕೂಗಿದ ಸಾವ್ಕಾರ, “ಬನ್ನಿ ನಮಗ ಕೊಡೂದು ಬಿಟ್ಟು ಬೇವಿನ ಗಿಡಕ್ಕ ಕೊಡಾಕತ್ತೀಯೇನು? ಬಾ ಇತ್ಲಾಗ!”

ಹೋದೆ. ನಾನು ಕಿರಿಯ, ಮೊದಲು ಕೊಡಬೇಕಾದವನು ನಾನೇ. ಕೊಡಲಿಲ್ಲ. “ಸಾವ್ಕಾರ್ರ,” ಅಂದೆ, “ಹೋದ ವರ್ಷ ನಮ್ಮ ಕಟ್ಟಿ ಮ್ಯಾಲ ಕುಂತು ಒಂದು ಮಾತಂದಿದ್ರಿ.”

“ಏನಂದಿದ್ನಪಾ?”

ಅವನ ಮುಖ ನೋಡಿದೆ. ಸುಳ್ಳಿರಲಿಲ್ಲ. ನಿಜವಾಗಿಯೂ ಮರೆತಿದ್ದ. ಎಲೆ ಅಡಕೆಯ ಜೊತೆ ಉಗುಳಿ ಎದ್ದು ಹೋಗಿದ್ದ ಅಷ್ಟೆ. ನೆನಪಿಸಬೇಕೆಂದರೆ ಆ ಮಾತನ್ನು ನಾನೇ ನನ್ನ ಬಾಯಿಂದ ಆಡಬೇಕು, ಮಗಳು ಪಕ್ಕದಲ್ಲೇ ನಿಂತು ಎಲೆ ಎಣಿಸಿಕೊಳ್ಳುತ್ತಿರುವಾಗ.

“ಏನಿಲ್ರಿ,” ಅಂದೆ. ಬನ್ನಿ ಕೊಟ್ಟೆ, ಬನ್ನಿ ತಗೊಂಡೆ. ಕಾಲು ಮುಟ್ಟಲಿಲ್ಲ. “ಬೆನ್ನು ಹಿಡದೈತ್ರಿ,” ಅಂದೆ. ಇಂದಿಗೂ ಅವನು ಸಿಕ್ಕಾಗಲೆಲ್ಲ ನನ್ನ ಬೆನ್ನಿನ ಬಗ್ಗೆ ವಿಚಾರಿಸುತ್ತಾನೆ, ಎಣ್ಣೆ ಹಚ್ಚಿ ತಿಕ್ಕಿಸು ಎನ್ನುತ್ತಾನೆ. ಕೆಟ್ಟ ಮನುಷ್ಯ ಅಲ್ಲ. ನನ್ನ ಸಿಟ್ಟು ಇದ್ದಲ್ಲೇ ಇದೆ.

ಮಗಳು ಅಷ್ಟರಲ್ಲಿ ಮುಂದಿನ ಮನೆಗೆ ಹೋಗಿದ್ದಳು, ಅಲ್ಲಿಂದ ಅದರ ಮುಂದಿನದಕ್ಕೆ. ಮೊಮ್ಮಗಳು ಹಿಂದೆ ಓಡುತ್ತಿದ್ದಳು. ನಾನು ಮನೆಗೆ ಬಂದು ಬಾಗಿಲಲ್ಲಿ ಕೂತೆ.

ಅವಳು ಬಂದಾಗ ಮಳೆ ಬಂದಿರಲಿಲ್ಲ, ನಾಯಿ ಯಾರನ್ನೂ ಕಚ್ಚಿರಲಿಲ್ಲ. ಎಡಗೈ ಮುಂದೆ ಮಾಡಿರಲಿಲ್ಲ, ಮುಳ್ಳು ಚುಚ್ಚಿರಲಿಲ್ಲ, ದೀಪದ ಮುಂದೆ ನಿಂತು ನಡುಗಿರಲಿಲ್ಲ. ಭೂಮಿ ಗಟ್ಟಿಯಾಗಿಯೇ ಇತ್ತು. ಮಡಿಚಿ ಏರಿಸಿದ ಆ ಉದ್ದ ತೋಳನ್ನು ಕಿಸೆ ಮಾಡಿಕೊಂಡು, ಸಿಕ್ಕ ಬನ್ನಿಯನ್ನೆಲ್ಲ ಅದರೊಳಗೆ ತುರುಕಿಕೊಂಡು ಬಂದಿದ್ದಳು. ತುರುಕಿ ತುರುಕಿ, ಹೆಗಲ ಹತ್ತಿರ, ನನ್ನ ಹೊಲಿಗೆ ಬಿಚ್ಚಿತ್ತು.