ಅವಲಂಬಿತೆಯ ರೀಫಂಡು

ದುಡಿದದ್ದರಲ್ಲಿ ಒಂದು ಪಾಲನ್ನು ಸರ್ಕಾರಕ್ಕೆ ಒಪ್ಪಿಸುವುದು ಪ್ರಜೆಯಾದವನ ಪರಮ ಧರ್ಮ. ಸೋಲಾಪುರದಲ್ಲಿ ಮೂವತ್ತು ವರ್ಷ ಬಟ್ಟೆ ಅಂಗಡಿ ನಡೆಸಿದ ನಾನು ಈ ಧರ್ಮವನ್ನು ಆದಷ್ಟು ದೂರದಿಂದಲೇ ಗೌರವಿಸುತ್ತ ಬಂದವನು.

ಮಗಳು ಬಿ.ಕಾಂ. ಎರಡನೇ ವರ್ಷದಲ್ಲಿದ್ದಳು. ಸಂಜೆ ಒಂದು ಕೋಚಿಂಗ್ ಕ್ಲಾಸಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದಳು. ಕ್ಲಾಸಿನವರು ನೂರಕ್ಕೆ ಹತ್ತು ತೆರಿಗೆಯೆಂದು ಮುರಿದುಕೊಂಡು ಉಳಿದದ್ದನ್ನು ಕೊಡುತ್ತಿದ್ದರು. ಅವಳ ಗಳಿಕೆ ತೆರಿಗೆ ಕಟ್ಟುವಷ್ಟು ಇರಲೇ ಇಲ್ಲ. ರಿಟರ್ನ್ ತುಂಬಿದರೆ ಮುರಿದದ್ದೆಲ್ಲ ವಾಪಸ್. ಆ ಹಣದಲ್ಲೇ ಕಾಲೇಜಿನವರ ಜೊತೆ ಕೊಂಕಣಕ್ಕೆ ಹೋಗಿ ಸಮುದ್ರ ನೋಡಬೇಕೆಂಬುದು ಅವಳ ಹಟ. ಪ್ರವಾಸದ ಶುಲ್ಕ ಕಟ್ಟಲು ಮೂರು ವಾರ ಉಳಿದಿತ್ತು.

“ನಾ ಕೊಡ್ತೀನಿ, ಹೋಗಿ ಬಾರವ್ವಾ,” ಎಂದೆ.

“ಬ್ಯಾಡ್ರಿ ಅಪ್ಪಾ. ನನ್ನ ರೊಕ್ಕ ಸರ್ಕಾರದ ಕಡೆ ಅದಾವ. ಅದರಾಗ ಹೋಗಾಕಿ ನಾ.”

“ಆರೋಗ್ಯ ವಿಮಾದಾಗ ನಿನ್ನ ಡಿಪೆಂಡೆಂಟ್ ಅಂತ ಬರಸೀನಿ. ನನ್ನ ಮ್ಯಾಲ ಅವಲಂಬಿಸಿದಾಕಿಗೆ ದಿಲ್ಲಿಯಿಂದ ರೊಕ್ಕ ಹ್ಯಾಂಗ ಬರತಾವ?”

“ಊಟ ನಿಮ್ಮದು, ದುಡಿಮಿ ನಂದು. ವಿಮಾದ ತೆರಿಗಿ ಸವಲತ್ತು ನಿಮಗ, ರೀಫಂಡ್ ನನಗ. ವಕೀಲಸಾಹೇಬ್ರನ್ನ ಕೇಳ್ರಿ ಬೇಕಾದ್ರ.”

ನಮ್ಮ ಪೇಟೆಯಲ್ಲಿ ತೆರಿಗೆ ಸಲಹೆಗಾರನಿಗೆ ವಕೀಲನೆಂದೇ ಬಿರುದು. ಅವರು ಫೋನಿನಲ್ಲೇ ನಕ್ಕು ಮಗಳ ಪರ ತೀರ್ಪಿತ್ತರು.

ಸೋತ ಪಕ್ಷದ ಮರ್ಯಾದೆಗೆಂದು ನಾನೊಂದು ಷರತ್ತು ಹಾಕಿದೆ. ಹೆಸರಿಟ್ಟ ವಾರದಲ್ಲೇ ಮಗುವಿನ ಹೆಸರಿನಲ್ಲಿ ಅಕ್ಕಲಕೋಟೆಯ ಪತಸಂಸ್ಥೆಯಲ್ಲಿ, ಅಂದರೆ ಊರವರೇ ನಡೆಸುವ ಸಹಕಾರಿ ಸಂಘದಲ್ಲಿ, ಖಾತೆ ತೆಗೆಯುವುದು ನಮ್ಮ ಮನೆತನದ ಪದ್ಧತಿ. ರೀಫಂಡು ಅಲ್ಲಿಗೇ ಬರತಕ್ಕದ್ದು.

ಪತಸಂಸ್ಥೆಗೆ ಬ್ಯಾಂಕಿನ ಕೋಡ್ ಇರಲಿಲ್ಲ. ಅದರ ಕೆಳಗಿನ ಮಹಡಿಯಲ್ಲಿ ಒಂದು ಬ್ಯಾಂಕ್ ಇತ್ತು. ಕಟ್ಟಡ ಒಂದೇ, ಮೆಟ್ಟಿಲೂ ಒಂದೇ ಎಂದು ನಾನು ಅದರ ಕೋಡನ್ನೇ ಬರೆಸಿದೆ. ತೆರಿಗೆಯ ವೆಬ್‌ಸೈಟ್ ಎರಡು ದಿನ ಆಲೋಚಿಸಿ, ಇಂಥ ಖಾತೆಯೇ ಇಲ್ಲವೆಂದಿತು.

“ನಮ್ಮ ಅಂಗಡಿ ಮ್ಯಾಲ ದವಾಖಾನಿ ಐತಿ,” ಎಂದಳು ಮಗಳು. “ನೀವು ಇಂಜೆಕ್ಷನ್ ಕೊಡತೀರೇನ್ರಿ?”

ಪದ್ಧತಿ ಮುರಿಯಬೇಕಾದರೆ ಅಕ್ಕಲಕೋಟೆಯಲ್ಲಿದ್ದ ನನ್ನ ತಾಯಿಯ ಅಪ್ಪಣೆ ಬೇಕು. ಭಾನುವಾರ ಇಬ್ಬರೂ ಬಸ್ ಹತ್ತಿದೆವು. ತಾಯಿ ಶೇಂಗಾ ಸುಲಿಯುತ್ತ ಎರಡೂ ಕಡೆಯ ವಾದ ಕೇಳಿದಳು.

“ಪದ್ಧತಿ ಅಂತ ಪದ್ಧತಿ! ಲೇ ತಮ್ಮಾ, ನಿಮ್ಮಪ್ಪಗ ಬ್ಯಾಂಕಿನ ಪಾಳಿಯಾಗ ನಿಂದರಾಕ ಬ್ಯಾಸರ. ಪತಸಂಸ್ಥೇದಾಗ ಕುರ್ಚಿ ಹಾಕಿ ಚಹಾ ಕೊಡತಿದ್ರು, ಅದಕ್ಕ ಅಲ್ಲಿ ಖಾತೆ ತಗದ್ರು.”

ಮೂವತ್ತು ವರ್ಷ ನಾನು ಕಾಪಾಡಿಕೊಂಡು ಬಂದ ಪರಂಪರೆ ಒಂದು ಕಪ್ ಚಹಾದಷ್ಟು ಹಳೆಯದು ಎಂದು ಅಂದು ತಿಳಿಯಿತು. ತಾಯಿ ಮೊಮ್ಮಗಳ ಮಡಿಲಿಗೆ ಒಂದು ಹಿಡಿ ಶೇಂಗಾ ಹಾಕಿ, “ಎಲ್ಲಿ ಬೇಕಲ್ಲಿ ತಗೊಳ್ಳವ್ವಾ. ಸಮುದ್ರ ಊರ ಕೆರಿಕಿಂತ ಎಷ್ಟು ದೊಡ್ಡದೈತಿ ನೋಡಿ ಬಂದು ಹೇಳು,” ಎಂದಳು.

“ಆಯಿ, ವಿಡಿಯೋ ಕಾಲ್ ಮಾಡಿ ತೋರಸ್ತೀನಿ!”

ಅಲ್ಲೇ ಕಟ್ಟೆಯ ಮೇಲೆ ಕುಳಿತು, ತನ್ನ ಕಾಲೇಜಿನ ಬಳಿಯ ಬ್ಯಾಂಕಿನ ಖಾತೆ ನಂಬರ್ ಹಾಕಿ, ಮಗಳು ಫೋನಿನಿಂದಲೇ ರಿಟರ್ನ್ ಕಳಿಸಿದಳು. ಮರುದಿನದಿಂದ ದಿನಕ್ಕೆ ಮೂರು ಸಲ “ಬಂತೇನ?” ಎಂದು ಕೇಳುವ ಹೊಣೆ ನಾನು ಹೊತ್ತುಕೊಂಡೆ.

“ಅಪ್ಪಾ, ಸಮುದ್ರಕ್ಕ ಹೋಗೋರು ನಾನೋ ನೀವೋ?”

ಹನ್ನೊಂದನೆಯ ದಿನ ರೀಫಂಡ್ ಪೂರ್ತಿ ಜಮಾ ಆಯಿತು. ಅದೇ ಮಧ್ಯಾಹ್ನ ಅವಳು ಪ್ರವಾಸದ ಶುಲ್ಕ ಕಟ್ಟಿದಳು.