ಕಳುವಾಗದ ಒಂದು ಜೊತೆ ಚಪ್ಪಲಿ

ಥಾಯ್ಲೆಂಡಿನ ರಾಚಬುರಿಯ ಕಾಲುವೆ ದಂಡೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಲಮ್ಯಾತ್ ದೊಡ್ಡಮ್ಮ ಗೇಟಿನ ಬಳಿ ಚಪ್ಪಲಿ ಕಳಚಿಟ್ಟು, ಭಿಕ್ಷುವಿನ ಪಾತ್ರೆಗೆ ಬಿಸಿ ಅನ್ನ ಹಾಕುತ್ತಿದ್ದಾರೆ. ಪಕ್ಕದ ಮನೆಯ ಬುಪ್ಪಾ ಕೂಡ ಬರಿಗಾಲಲ್ಲಿ ಮಂಡಿಯೂರಿ ಕೈಮುಗಿದಿದ್ದಾಳೆ. ಮಂತ್ರ ಮುಗಿದು ಕಣ್ಣು ಬಿಟ್ಟರೆ, ಅವಳ ಚಪ್ಪಲಿಯಲ್ಲಿ ಒಂದು ಮಾಯ! ಪಕ್ಕದಲ್ಲಿದ್ದ ದೊಡ್ಡಮ್ಮನ ನೀಲಿ ಜೊತೆ ಮಾತ್ರ ಬಿಟ್ಟಲ್ಲೇ ಇದೆ.

"ಅಯ್ಯೋ ಅಕ್ಕಾ, ಮತ್ತೆ ಹೊತ್ಕೊಂಡು ಹೋಯ್ತು ನಿಮ್ಮ ರಾಣಿ! ಮೊನ್ನೆ ತಾನೇ ಸಂತೇಲಿ ತಗೊಂಡಿದ್ದೆ!"

"ನನ್ ಹಾಗೆ ಬರಿಗಾಲಲ್ಲಿ ಬಾರಮ್ಮ, ಕಳ್ಳರ ಕಾಟಾನೇ ಇರಲ್ಲ," ಎಂದು ನಕ್ಕು ಭಿಕ್ಷು ಮುಂದಿನ ಮನೆಗೆ ನಡೆಯುತ್ತಾರೆ.

ಕಳ್ಳಿ ಯಾರೆಂದು ಇಡೀ ಓಣಿಗೆ ಗೊತ್ತು. ಹೆಸರು ಖನೂನ್, ಅಂದರೆ ಹಲಸು. ಒಂದು ಕಾಲದಲ್ಲಿ ಬೆಳ್ಳಗಿದ್ದಿರಬಹುದಾದ ಪಾಮೇರಿಯನ್ ನಾಯಿ. ಮರಿ ಮಾರುವವರ ಶೆಡ್ಡಿನಲ್ಲಿ, ತಂತಿಯ ಗೂಡಿನೊಳಗೆ ಹೆತ್ತು ಹೆತ್ತು ಸವೆದ ತಾಯಿ. ಈಗ ಕಂಬಗಳ ಮೇಲೆ ನಿಂತ ದೊಡ್ಡಮ್ಮನ ಮನೆಯಡಿಯ ಮೂಲೆಯಲ್ಲಿ, ಗೋಣಿತಾಟಿನ ಮೇಲೆ, ಕದ್ದ ಚಪ್ಪಲಿಗಳನ್ನು ಹೊಟ್ಟೆಗೆ ಒತ್ತಿಕೊಂಡು ನೆಕ್ಕುತ್ತಾ ಮಲಗುತ್ತದೆ. ಒಂದನ್ನೂ ಕಚ್ಚಿ ಹರಿಯುವುದಿಲ್ಲ. ನೋಡಿದವರಿಗೆ ಮೊದಲು ನಗು ಬರುತ್ತದೆ, ಆಮೇಲೆ ತಮ್ಮ ಚಪ್ಪಲಿ ಕೇಳದೆಯೇ ಹೊರಟುಹೋಗುತ್ತಾರೆ.

ದೊಡ್ಡಮ್ಮನ ಅಂಗಳದ ತುಂಬ ಇಂಥವೇ. ಹೆರುವ ಶಕ್ತಿ ಮುಗಿದು ಶೆಡ್ಡಿನವರಿಗೆ ಬೇಡವಾದ ತಾಯಂದಿರನ್ನು ಅಂಗಲಾಚಿ ಹೊತ್ತು ತರುತ್ತಾರೆ. ಗಂಟುಗಟ್ಟಿದ ಕೂದಲು ಬೋಳಿಸಿ, ಹುಣ್ಣಿಗೆ ಮದ್ದು ಹಚ್ಚಿದ ಮೇಲೆ ನಡಿಗೆಯ ಪಾಠ. ಹುಟ್ಟಿದಾಗಿನಿಂದ ತಂತಿಯ ಮೇಲೇ ನಿಂತ ಕಾಲಿಗೆ ಮಣ್ಣೆಂದರೆ ಭಯ. ಅದಕ್ಕೇ ಅಂಗಳದಲ್ಲಿ ತಂತಿಬಲೆ ಹಾಸಿ ಅದರ ಮೇಲೆ ನಿಲ್ಲಿಸುತ್ತಾರೆ, ಆಗಾಗ ಅದರ ಅಂಚನ್ನು ಕತ್ತರಿಸುತ್ತಾ ಬರುತ್ತಾರೆ. ಬಲೆ ಅಂಗೈಯಗಲ ಆಗುವಷ್ಟರಲ್ಲಿ, ನಾಯಿಗೇ ತಿಳಿಯದಂತೆ, ಕಾಲು ಹುಲ್ಲಿಗಿಳಿದಿರುತ್ತದೆ.

ಈ ಉಪಾಯ ಯಾರು ಹೇಳಿಕೊಟ್ಟರು ಎಂದು ಕೇಳಿದರೆ ಮುಖ ತಿರುಗಿಸುತ್ತಾರೆ.

"ಅವು ಹೇಗೆ ನಿಲ್ತಿದ್ವು ಅಂತ ನಂಗೊತ್ತಿಲ್ವಾ? ಆ ಶೆಡ್ಡಲ್ಲಿ ಗೂಡು ತೊಳೀತಿದ್ದೋಳೇ ನಾನು. ಮರಿ ಓಡಾಡೋಕೆ ಶುರು ಮಾಡಿದ್ರೆ ಸಾಕು, ಮಾರೋಕೆ ಎತ್ತಿ ಬುಟ್ಟಿಗೆ ಹಾಕ್ಬೇಕು. ಖನೂನ್ ಮರಿಗಳ್ನ ಪ್ರತಿ ಸಲ ಎತ್ತಿದ್ದು ಇದೇ ಕೈ. ಅದು ಕಚ್ತಾನೂ ಇರ್ಲಿಲ್ಲ. ಸುಮ್ನೆ ನೋಡೋದು."

ಆ ನೋಟ ಇವತ್ತಿಗೂ ಅವರನ್ನು ಬಿಟ್ಟಿಲ್ಲ. ಖನೂನ್ ಊರಿನವರ ಚಪ್ಪಲಿಯನ್ನೆಲ್ಲ ಎತ್ತುತ್ತದೆ, ಚುಚ್ಚುಮದ್ದು ಕೊಡಲು ಬಂದ ವೈದ್ಯರದ್ದನ್ನೂ ಬಿಟ್ಟಿಲ್ಲ. ದೊಡ್ಡಮ್ಮನ ನೀಲಿ ಚಪ್ಪಲಿಯನ್ನು ಮಾತ್ರ ಮೂಸಿ ಹಿಂದೆ ಸರಿಯುತ್ತದೆ. ದಿನಾ ಸಂಜೆ ಅವರು ಅದನ್ನು ಮೆಟ್ಟಿಲ ಕೆಳಗೆ, ನಾಯಿಗೆ ಕಾಣುವ ಹಾಗೆ ಬಿಟ್ಟು ಒಳಗೆ ಹೋಗುತ್ತಾರೆ. ಬೆಳಗ್ಗೆ ಎದ್ದು ಮೊದಲು ನೋಡುವುದೂ ಅಲ್ಲಿಗೇ. ಎರಡೂ ಇದ್ದಲ್ಲೇ ಇರುತ್ತವೆ.

ಇನ್ನು ದಿನಗಳೂ ಹೆಚ್ಚಿಲ್ಲ. ಬರುವ ಭಾನುವಾರ ದೂರದೂರು ಲಂಪಾಂಗ್‌ನಿಂದ ನಿವೃತ್ತ ಮೇಷ್ಟ್ರು, ಅವರ ಹೆಂಡತಿ ಬಂದು ಖನೂನನ್ನು ತಮ್ಮ ಮನೆಗೆ ಕರೆದೊಯ್ಯುತ್ತಾರೆ. ಚಪ್ಪಲಿಗಳನ್ನೂ ಬುಟ್ಟಿಯಲ್ಲಿ ಜೊತೆಗೇ ಕಳಿಸಲು ಓಣಿಯವರೆಲ್ಲ ಒಪ್ಪಿದ್ದಾರೆ. ಬುಪ್ಪಾ ಗೊಣಗುತ್ತಲೇ ಒಪ್ಪಿದವಳು.

"ನಿಮ್ದೂ ಒಂದು ಬುಟ್ಟಿ ತಳಕ್ಕೆ ತುರುಕಿಬಿಡಿ ಅಕ್ಕಾ. ಅದಕ್ಕೇನ್ ಗೊತ್ತಾಗುತ್ತೆ?" ಎನ್ನುತ್ತಾಳೆ, ಉಳಿದ ಒಂಟಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು.

"ಬೇಡ ಕಣೇ. ಅದನ್ನ ಕೇಳ್ದೆ ಬುಟ್ಟಿ ತುಂಬಿಸಿದ್ದು ಸಾಕು."

ದೊಡ್ಡಮ್ಮ ನೀಲಿ ಚಪ್ಪಲಿಯ ಧೂಳನ್ನು ಉಟ್ಟ ಬಟ್ಟೆಯ ಅಂಚಿನಲ್ಲಿ ಒರೆಸಿ, ಮತ್ತೆ ಮೆಟ್ಟಿಲ ಕೆಳಗಿಡುತ್ತಾರೆ. ಮೂಲೆಯ ಕಡೆ ನೋಡುತ್ತಲೇ ಹೇಳುತ್ತಾರೆ:

"ಭಾನುವಾರ ಇನ್ನೂ ಬಂದಿಲ್ವಲ್ಲ. ಅವತ್ತು ಅದನ್ನ ಗೇಟಿನ ತನಕ ಬಿಟ್ಟು ಬರೋವಾಗ, ನನ್ ಒಂದು ಕಾಲು ಬರಿದಾಗಿರ್ಬೇಕು. ಅಷ್ಟೇ ಆಸೆ."