ಕಾಕಾ ಎಂಪಿ ಆದರೆ

ಕಾಕಾನ ಕಾಲುಗಳಿಗೆ ಸುಮ್ಮನಿರುವುದು ಗೊತ್ತಿರಲಿಲ್ಲ. ಇಳಕಲ್ಲಿನ ಕುಣಿಮಗ್ಗದಲ್ಲಿ, ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಮೂವತ್ತು ವರ್ಷ ಹಲಗೆ ತುಳಿದ ಕಾಲುಗಳವು. ಕುರ್ಚಿಯ ಮೇಲೆ ಕೂಡಿಸಿದರೂ ಎಡ, ಬಲ, ಎಡ, ಬಲ ಎಂದು ಗಾಳಿಯನ್ನಾದರೂ ತುಳಿಯುತ್ತಿದ್ದವು. ಒಮ್ಮೆ ಅವರ ಪಕ್ಷದ ದೊಡ್ಡ ಮುಖಂಡರು ಬೆಂಗಳೂರಿನಿಂದ ಬಂದು ಭಾಷಣ ಮಾಡುತ್ತಿದ್ದಾಗ, ಪಕ್ಕದಲ್ಲಿ ಕೂತ ಕಾಕಾ ತುಳಿದ ತುಳಿತಕ್ಕೆ ಮೇಜು ನಡುಗಿತು. ನೀರಿನ ಗ್ಲಾಸು ಸರಿಯುತ್ತ ಸರಿಯುತ್ತ ಹೋಗಿ ಮುಖಂಡರ ಧೋತರದ ಮೇಲೆ ಮಗುಚಿತು. "ಕ್ರಾಂತಿ ಬರೂ ಮೊದ್ಲ ನೀರು ಬಂತು ನೋಡ್ರಿ" ಎಂದು ಊರ ಮಂದಿ ಒಂದು ವಾರ ನಕ್ಕರು.

ಕಾಕಾ ನಮಗೆ ಸಂಬಂಧಿಯಲ್ಲ, ಎದುರುಮನೆಯವರು. ಕೆಂಪು ಬಾವುಟದ ನೇಕಾರ ಸಂಘದ ಮುಖಂಡರು. ನನ್ನ ಅಪ್ಪ ಸೀರೆ ಸಾವಕಾರ. ಎಂದರೆ ಕಾಕಾನ ಪುಸ್ತಕಗಳ ಪ್ರಕಾರ ಸಾಕ್ಷಾತ್ ವೈರಿ. ಆದರೆ ಈ ವೈರಿಗಳಿಬ್ಬರೂ ನಾಲ್ಕನೇ ಇಯತ್ತೆಯವರೆಗೆ ಒಂದೇ ಸಾಲೆಯಲ್ಲಿ, ಒಂದೇ ಮಾಸ್ತರರ ಕೈಯಲ್ಲಿ ಹೊಡೆತ ತಿಂದವರು. ಕಾಕಾ ಮುಂಜಾನೆ ಹತ್ತಕ್ಕೆ ಅಂಗಡಿಯ ಮುಂದೆ ನಿಂತು "ಸಾವಕಾರಶಾಹಿಗೆ ಧಿಕ್ಕಾರ" ಎಂದು ಕೂಗಿ, ಹನ್ನೊಂದಕ್ಕೆ ನಮ್ಮ ಮನೆಗೆ ಬಂದು, "ವೈನಿ, ಕೂಗಿ ಕೂಗಿ ಗಂಟಲಾ ಒಣಗೇತ್ರಿ, ಒಂದ್ ಕಪ್ ಚಾ ಕೊಡ್ರಿ" ಎನ್ನುತ್ತಿದ್ದರು. ಹಿಂದಿನಿಂದಲೇ ಅಪ್ಪ ಬಂದು ಕೂತು, "ಯಾಕಲೇ, ಇವತ್ತ ದನಿ ಸಣ್ಣ ಆಗಿತ್ತು? ಜ್ವರಾ ಏನರ ಬಂದಾವೇನ?" ಎಂದು ಕೇಳುವುದು.

ಎಂಬತ್ತರ ಲೋಕಸಭಾ ಚುನಾವಣೆಗೆ ಕಾಕಾ ನಿಂತಾಗ ನನಗೆ ಹದಿನೇಳು. ಎಸ್ಸೆಸ್ಸೆಲ್ಸಿ ವರ್ಷ. ಮುಂದೆ ಬಾಗಲಕೋಟೆಯ ಹಾಸ್ಟೆಲ್ಲಿನಲ್ಲಿದ್ದು ಟಿ.ಸಿ.ಎಚ್. ಕಲಿತು ಮಾಸ್ತರಬಾಯಿ ಆಗಬೇಕೆಂಬುದೊಂದೇ ನನ್ನ ಹಟ. ಅಪ್ಪನಿಗೆ ಅದು ಸುತರಾಂ ಬೇಡ. ವರ ನೋಡುವ ಮಾತು ಆಗಲೇ ನಡೆದಿತ್ತು. ನಾನು ಅತ್ತದ್ದು ನೋಡಲಾರದೆ ಕಾಕಾ ಅಪ್ಪನ ಮುಂದೆ ವಕಾಲತ್ತಿಗೆ ಕೂತರು. ಒಂದು ತಾಸು ವಾದ ನಡೆಯಿತು. ಕೊನೆಗೆ ಅಪ್ಪ ನಕ್ಕು, "ಆತೋ ಮಾರಾಯಾ. ನೀ ಎಂಪಿ ಆಗಿ ಬಾ, ಅವತ್ತ ಕಳಸ್ತೇನಿ" ಎಂದ. ನಮ್ಮ ಕಡೆ 'ಕತ್ತೆಗೆ ಕೋಡು ಮೂಡಲಿ' ಅನ್ನುವಂತೆ ಅಂದದ್ದು ಅದು. ಕಾಕಾನಿಗೆ ಅದೆಲ್ಲಿ ತಿಳಿಯಬೇಕು! "ಮಾತು?" ಎಂದು ಕೈ ಚಾಚಿದರು. "ಮಾತು" ಎಂದು ಅಪ್ಪ ಕೈಯೊಳಗೆ ಕೈ ಹಾಕಿದ.

ಎಡಪಕ್ಷದ ಮುಖಂಡನೊಬ್ಬ ಈ ಸೀಮೆಯಲ್ಲಿ ಗೆಲ್ಲಬಹುದೇ ಎಂದು ಊರವರು ಎಲೆಅಡಿಕೆ ಜಗಿಯುತ್ತ ಮಾತಾಡಿಕೊಂಡರು. ನನಗೆ ಮಾತ್ರ ಅದು ಜೀವದ ಪ್ರಶ್ನೆ. ದಿನಾ ಸಂಜೆ ಕಾಕಾ ಪ್ರಚಾರ ಮುಗಿಸಿ ಧೂಳು ಮೈಯಲ್ಲಿ ಬರುವುದನ್ನೇ ಕಾದು ನಿಂತು, "ಹೆಂಗೈತ್ರಿ ಕಾಕಾ?" ಎಂದು ಕೇಳುತ್ತಿದ್ದೆ. "ಗಾಳಿ ಎದ್ದೈತಿ ಮಗಳ" ಎನ್ನುತ್ತಿದ್ದರು.

ಅವರ ಲೆಕ್ಕಾಚಾರ ಹೀಗಿತ್ತು. ಇಳಕಲ್ ಸೀರೆಯ ಮೈ ಯಾವ ಬಣ್ಣದ್ದಾದರೂ ಇರಲಿ, ಸೆರಗು ಮಾತ್ರ ಕೆಂಪು. "ಈ ಸೀಮಿ ಹೆಣ್ಣುಮಕ್ಕಳೆಲ್ಲಾ ನಮ್ಮ ಬಾವುಟಾ ತಲಿಮ್ಯಾಲ ಹೊತ್ಕೊಂಡ ಅಡ್ಡಾಡ್ತಾರ. ಸೋಲೂದ ಹೆಂಗ?" ಬಾದಾಮಿಯ ಸಂತೆಯಲ್ಲಿ ಅಷ್ಟೊಂದು ಕೆಂಪು ಸೆರಗು ಒಮ್ಮೆಲೇ ಕಂಡು ಅವರಿಗೆ ಹುರುಪು ತಡೆಯಲಿಲ್ಲ. ಅಲ್ಲೇ ಕಟ್ಟೆ ಹತ್ತಿ, ತಗಡಿನ ತುತ್ತೂರಿ ಬಾಯಿಗಿಟ್ಟು ಮುಕ್ಕಾಲು ತಾಸು ಬಂಡವಾಳಶಾಹಿಯ ಕೇಡು ವಿವರಿಸಿದರು. ಹೆಂಗಸರು ಬುಟ್ಟಿ ಇಳಿಸಿ ಕೂತು ಕೇಳಿದರು. ಭಾಷಣ ಮುಗಿದ ಮೇಲೆ ಮುಂದೆ ಕೂತ ಮುದುಕಿಯೊಬ್ಬಳು, "ಎಲ್ಲಾ ಖರೆ ಐತಿ ಯಪ್ಪಾ, ಔಷಧ ಎಲ್ಲೈತಿ? ಮಣಕಾಲ ನೋವಿಗೂ ಆಕ್ಕೈತೇನ?" ಎಂದಳು.

ಇನ್ನು ಆಶ್ವಾಸನೆ ಕೊಡುವುದಂತೂ ಅವರ ಜಾತಕದಲ್ಲೇ ಬರೆದಿರಲಿಲ್ಲ. ರಾಮಥಾಳದಲ್ಲಿ ರೈತರು, "ಹೊಲಕ್ಕ ನೀರು ತರ್ತೀರೇನ್ರಿ?" ಎಂದು ಕೇಳಿದರಂತೆ. ಬೇರೆ ಯಾರಾದರೂ ಹೊಳೆಯನ್ನೇ ಹೆಗಲ ಮೇಲೆ ಹೊತ್ತು ತಂದುಬಿಡುತ್ತಿದ್ದರು. ಕಾಕಾ ಮಾತ್ರ, "ಒಬ್ಬ ಎಂಪಿ ಕೈಲೆ ಏನೂ ಆಗಂಗಿಲ್ಲ. ನೀವೆಲ್ಲಾ ಎದ್ದು ಬರಬೇಕು, ಮೋರ್ಚಾ ಮಾಡಬೇಕು" ಎಂದರು. "ನಾವ ಎದ್ದು ಬರೂದಾದ್ರ ನಿಮಗ್ಯಾಕ್ರಿ ಓಟು?" ಎಂದು ಒಬ್ಬ ಕೇಳಿದ. "ಶಾಣ್ಯಾ ಇದ್ದಾನ ನೋಡು ಅಂವಾ" ಎಂದು ಕಾಕಾ ನಮ್ಮ ಮನೆಯಲ್ಲಿ ಕೂತು ಅವನನ್ನು ಹೊಗಳಿದ್ದೇ ಹೊಗಳಿದ್ದು. ಒಂದು ಸುಳ್ಳಾದರೂ ಹೇಳಬಾರದೇ ಈ ಮನುಷ್ಯ, ಎಂದು ಒಳಗೊಳಗೇ ಬೈದೆ.

ಮತದಾನಕ್ಕೆ ನಾಲ್ಕು ದಿನವಿದ್ದಾಗ, ಅಪ್ಪ ಅಂಗಡಿಯಲ್ಲಿದ್ದ ಹೊತ್ತು, ಕಾಕಾ ನಮ್ಮ ಪಡಸಾಲೆಯಲ್ಲಿ ಓಣಿಯ ಹೆಂಗಸರನ್ನು ಕೂಡಿಸಿ ಮತ ಒತ್ತುವುದನ್ನು ಕಲಿಸಿದರು. ತಮಗೇ ಹಾಕಿ ಅನ್ನಲಿಲ್ಲ. ಮುದ್ರೆ ಹೇಗೆ ಹಿಡಿಯಬೇಕು, ಮಸಿ ಇನ್ನೊಂದು ಗುರುತಿಗೆ ಹತ್ತದಂತೆ ಚೀಟಿ ಹೇಗೆ ಮಡಚಬೇಕು, ಇಷ್ಟೇ. ನನಗೋ ತಲೆ ಚಚ್ಚಿಕೊಳ್ಳುವಂತಾಯಿತು. ನನ್ನ ಆಯಿ, ಎಂದರೆ ಅಪ್ಪನ ಅವ್ವ, ಕೇಳಿದಳು:

"ಒಳಗ ಯಾರ್ಯಾರು ನೋಡ್ತಾರೋ?"

"ಯಾರೂ ನೋಡಂಗಿಲ್ಲ ಆಯಿ. ಗಂಡ ನೋಡಂಗಿಲ್ಲ, ಮಗಾ ನೋಡಂಗಿಲ್ಲ, ದೇವರೂ ನೋಡಂಗಿಲ್ಲ."

"ದೇವರು ನೋಡ್ತಾನ ತಗಿ, ನಿನಗ ತಿಳಿಯಂಗಿಲ್ಲ" ಎಂದು ಆಯಿ ಗದರಿದಳು. ಅವ್ವ ಚೀಟಿಯನ್ನು ಎರಡು ಸಲ ಮಡಚಿ ನೋಡಿ ಅಡಿಗೆಮನೆಗೆ ಹೋದಳು.

ಕಾಕಾ ಸೋತರು. ಸೋಲೆಂದರೆ ಅಂತಿಂಥ ಸೋಲಲ್ಲ, ಠೇವಣಿಯೂ ಉಳಿಯಲಿಲ್ಲ. ಮರುದಿನ ಮುಂಜಾನೆ ಬಂದು ಪಡಸಾಲೆಯಲ್ಲಿ ಕೂತರು. ಅಂದು ಮಾತ್ರ ಕಾಲುಗಳು ಅಲ್ಲಾಡಲಿಲ್ಲ. "ಮಗಳ, ನಿಂದೂ ಸೋಲಿಸಿಬಿಟ್ಟೆ" ಎಂದರು. ನಾನು ಕಂಬ ಹಿಡಿದು ಬಿಕ್ಕಿ ಬಿಕ್ಕಿ ಅತ್ತೆ. ಅಪ್ಪನಿಗೂ ಕೆಡುಕೆನಿಸಿತ್ತು, ಆದರೆ ಬಿಟ್ಟುಕೊಡುವ ಜೀವವಲ್ಲ. "ಏನ್ ಮಾಡೂದಲೇ, ಮಾತಂದ್ರ ಮಾತು. ನೀ ಆರಿಸಿ ಬರಲಿಲ್ಲ" ಎಂದ.

ಜೋಳ ಹಸನ ಮಾಡುತ್ತಿದ್ದ ಆಯಿ ಮೊರ ಕೆಳಗಿಟ್ಟಳು. "ಆರಿಸಿ ಬರೂದಂದ್ರ ಏನೋ?"

"ಹೆಚ್ಚು ಮಂದಿ ಓಟು ಹಾಕೂದು, ಆಯಿ" ಎಂದರು ಕಾಕಾ.

"ನಾ ನಿನಗ ಹಾಕೇನಿ."

"ಅವ್ವಾ!" ಅಪ್ಪನ ಬಾಯಿಂದ ಎಲೆಅಡಿಕೆ ಉದುರುವುದೊಂದು ಬಾಕಿ. ಆಮೇಲೆ ಸಾವರಿಸಿಕೊಂಡು, "ಆತು. ಈ ಮನಿಯಾಗ ಮೂರು ಓಟು. ಅವ್ವಂದು ಅವಗ, ನಂದು ನಮ್ಮ ಪಕ್ಷಕ್ಕ. ಬರಾಬರಿ ಆತು" ಎಂದ. ಮೂರನೆಯದರ ಬಗ್ಗೆ ಅವನಿಗೆ ಸಂಶಯವೇ ಇರಲಿಲ್ಲ. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವ್ವ ಅವನ ಮಾತಿಗೆ ಎದುರಾಡಿದವಳಲ್ಲ.

ಅಡಿಗೆಮನೆಯ ಬಾಗಿಲಲ್ಲಿ ಅವ್ವ ಸೆರಗು ಸರಿಮಾಡಿಕೊಂಡು ನಿಂತಿದ್ದಳು. "ನಂದೂ ಅವರಿಗೇರಿ" ಎಂದಳು. "ಈ ಮನಿ ಮಟ್ಟಿಗೆ ಕಾಕಾ ಆರಿಸಿ ಬಂದಾರ. ಹುಡುಗೀನ ಕಳಸ್ರಿ."

ಒಲೆಯ ಮೇಲಿನ ಚಹಾ ಉಕ್ಕಿ ಹೋಯಿತು, ಯಾರೂ ಏಳಲಿಲ್ಲ. ಅಪ್ಪ ಅವ್ವನನ್ನು ನೋಡಿದ, ಆಯಿಯನ್ನು ನೋಡಿದ, ಕೊನೆಗೆ ಕಾಕಾನ ಕಡೆ ತಿರುಗಿ, "ಏಳಲೇ ಎಂಪಿ. ಬಾಗಲಕೋಟಿಗೆ ಹೋಗಿ ಫಾರ್ಮ್ ತಗೊಂಡು ಬಾ" ಎಂದ.

ಕಾಕಾ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ಆಗಲಾದರೂ ಸುಮ್ಮನಿರಬೇಕೋ ಬೇಡವೋ? "ಫಾರ್ಮ್ ಈಗ ಕೊಡಂಗಿಲ್ಲಪ್ಪಾ, ಜೂನಿನಾಗ ಕೊಡ್ತಾರ. ಮೊದ್ಲ ಇಕಿ ಪಾಸಾಗಬೇಕು" ಎಂದರು.

ಪಾಸಾದೆ. ಟಿ.ಸಿ.ಎಚ್. ಮುಗಿಸಿ ಕಮತಗಿಯಲ್ಲಿ ಮಾಸ್ತರಬಾಯಿ ಆದೆ. ನಾನು ತಿನ್ನುವ ಅನ್ನಕ್ಕೆ, ನನ್ನ ಹೆಸರಿನ ಮುಂದಿನ 'ಮಾಸ್ತರಬಾಯಿ' ಎಂಬ ಮರ್ಯಾದೆಗೆ, ಸೋತ ಆ ಮನುಷ್ಯನೇ ಕಾರಣ. ಎಂಬತ್ನಾಲ್ಕರಲ್ಲಿ ಕಾಕಾ ಮತ್ತೆ ನಿಂತರು. ಆಗ ಆಯಿ ಇರಲಿಲ್ಲ, ಅವಳ ಬದಲು ನನ್ನ ಹೆಸರು ಪಟ್ಟಿಗೆ ಬಂದಿತ್ತು. ಓಡಿ ಬಂದು ಕಾಕಾನಿಗೆ ಮತ ಹಾಕಿದೆ. ಕಾಕಾ ಮತ್ತೆ ಸೋತರು. "ಈ ಮನ್ಯಾಗ ಹೆಂಗಾತು?" ಎಂದು ಅವ್ವನನ್ನು ಕೇಳಿದರು. "ನಾವಿಬ್ರೂ ನಿಮಗೇರಿ" ಎಂದಳು ಅವ್ವ. "ನಾ ಅಂತೂ ಹಾಕಿಲ್ಲ ನೋಡಪಾ" ಎಂದು ಅಪ್ಪ ಜೋರಾಗಿ ನಕ್ಕ. ಕಾಕಾನೂ ನಕ್ಕರು.

ಅದಾಗಿ ನಾಲ್ಕು ವರ್ಷಕ್ಕೆ ಕಾಕಾ ತೀರಿಕೊಂಡರು. ಸುದ್ದಿ ತಿಳಿದು ಕಮತಗಿಯಿಂದ ಮೊದಲ ಬಸ್ಸು ಹಿಡಿದು ಬಂದೆ. ಅವರ ಮನೆಯ ಮುಂದೆ ಹೆಣ ಕೂಡಿಸಿದ್ದರು. ಅಪ್ಪ ಅದರ ಪಕ್ಕದಲ್ಲೇ ನೆಲಕ್ಕೆ ಕೂತಿದ್ದ. ಎಲ್ಲರೆದುರು ಅಳುವ ಮನುಷ್ಯನಲ್ಲ ಅವನು, ಗೆಳೆಯನನ್ನು ಬೈಯುತ್ತಿದ್ದ.

"ಏಳಲೇ. ನಾಕ ವರ್ಷ ಆತು, ಹೇಳಬೇಕು ಹೇಳಬೇಕು ಅಂತ. ಅವತ್ತ ನಂದೂ ನಿನಗ ಹಾಕಿದ್ನಲ್ಲೋ, ಮಂದಿ ಮುಂದ ಹೇಳಾಕ ನಾಚಿಕಿ ಬಂತಲೇ."

ಅವ್ವ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಎಂಬತ್ನಾಲ್ಕರಲ್ಲಿ ನಮ್ಮ ಮನೆಯ ಮೂರಕ್ಕೆ ಮೂರೂ ಮತ ಕಾಕಾನಿಗೇ ಬಿದ್ದಿದ್ದವು. ಅವರಿಗೆ ಮಾತ್ರ ಅದು ತಿಳಿಯಲೇ ಇಲ್ಲ.